ಥಂಡಿಗೆ ಗಾಡಿ ಚಾಲೂ ಆಗುತ್ತಿಲ್ಲ: ಹೊಸ ಕಾರ್ಬೊರೇಟರ್ ಹಾಕಿಸಬೇಕಾ?

ಪ್ರಶ್ನೆ: ಸರ್, ನಾನು ಧಾರವಾಡದ ಕೆಲಗೇರಿ ಕಡೆಯವನು. ಮನೆಮನೆಗೆ ಪೇಪರ್ ಹಾಕುವ ಕೆಲಸ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಮನೆ ಬಿಡಬೇಕು. ನನ್ನದು 2013ರ 100 ಸಿಸಿ ಗಾಡಿ. ಕಾರ್ಬೊರೇಟರ್ ಇರುವುದು, ಕಿಕ್ಕೂ ಇದೆ, ಸೆಲ್ಫೂ ಇದೆ. 68 ಸಾವಿರ ಕಿ.ಮೀ. ಓಡಿದೆ. ದೀಪಾವಳಿ ಮುಗಿದ ಮೇಲೆ ತೊಂದರೆ ಶುರುವಾಯಿತು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ‘ಟಕ್’ ಅಂದು ಸುಮ್ಮನಾಗುತ್ತದೆ. ಚೋಕ್ ಹಾಕಿ ಇಪ್ಪತ್ತು ಸಲ ಕಿಕ್ ಹೊಡೆದ ಮೇಲೆ ಚಾಲೂ ಆಗುತ್ತದೆ. ಚೋಕ್ ತೆಗೆದ ಕೂಡಲೇ ಬಂದ್. ಹಾಗಾಗಿ ಚೋಕ್ ಹಾಕಿಕೊಂಡೇ ಒಂದೆರಡು ಓಣಿ ಮುಗಿಸುತ್ತೇನೆ. ಅದೇ ಗಾಡಿ ಮಧ್ಯಾಹ್ನ ಒಂದೇ ಕಿಕ್ಕಿಗೆ ಚಾಲೂ! ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರಿನಿಂದ ಪಟ್ ಪಟ್ ಸದ್ದು. ಕಿಕ್ ಕೂಡ ಮೊದಲಿಗಿಂತ ಹಗುರ ಅನಿಸುತ್ತದೆ. ಮೆಕ್ಯಾನಿಕ್ ಹೊಸ ಪ್ಲಗ್ ಹಾಕಿದರು, ಆಯಿಲ್ ಬದಲಿಸಿ 20ಡಬ್ಲ್ಯೂ-50 ಹಾಕಿದರು. ಈಗ ‘ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿಸಿ’ ಅನ್ನುತ್ತಿದ್ದಾರೆ. ನಮ್ಮ ಅಪ್ಪ ‘ಥಂಡಿಗೆ ಪೆಟ್ರೋಲ್ ಹೆಪ್ಪುಗಟ್ಟುತ್ತದೆ, ಟ್ಯಾಂಕಿಗೆ ಗೋಣಿಚೀಲ ಹೊದಿಸು’ ಅನ್ನುತ್ತಾರೆ. ಓಣಿಯ ಒಬ್ಬರು ಗಾಡಿ ವಾಲಿಸಿ ಎಬ್ಬಿಸು ಅಂದರು, ಇನ್ನೊಬ್ಬರು ಪ್ಲಗ್ ಬಿಚ್ಚಿ ಎರಡು ಹನಿ ಪೆಟ್ರೋಲ್ ಬಿಡು ಅಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಖರ್ಚಿನ ವಿಷಯ. ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೊರೇಟರನ್ನು ಈಗಲೇ ಬದಲಿಸಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಅದರೊಳಗಿನ ಒಂದು ಸಣ್ಣ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ, ಕಟ್ಟಿಕೊಂಡಿರಬೇಕು. ಜೊತೆಗೆ ಟ್ಯಾಪೆಟ್ (ಎಂಜಿನ್ ವಾಲ್ವಿನ ತುದಿಯಲ್ಲಿ ಬಿಡುವ ಸಂದು) ಬಿಗಿಯಾಗಿರಬೇಕು. ಬ್ಯಾಟರಿಯೂ ಸೋತಿದೆ. ಮೂರೂ ಬೇರೆ ಬೇರೆ ತೊಂದರೆ. ಚಳಿ ಮೂರನ್ನೂ ಒಟ್ಟಿಗೆ ಹೊರಗೆ ಹಾಕಿದೆ ಅಷ್ಟೇ.

ನಮ್ಮ ಗ್ಯಾರೇಜು ಹುಬ್ಬಳ್ಳಿಯಲ್ಲಿದೆ. ಪ್ರತಿ ವರ್ಷ ಎಳ್ಳಮಾವಾಸ್ಯೆ ಆಸುಪಾಸು ಇದೇ ದೂರು ಹೊತ್ತು ಗಾಡಿಗಳು ಬರುತ್ತವೆ. ‘ಗಾಡಿಗೆ ಥಂಡಿ ಹಿಡದೈತ್ರಿ’ ಅನ್ನುತ್ತಾರೆ. ಆದರೆ ಧಾರವಾಡದಲ್ಲಿ ಡಿಸೆಂಬರ್-ಜನವರಿ ಬೆಳಗಿನ ಜಾವ ಸಾಮಾನ್ಯವಾಗಿ 12ರಿಂದ 15 ಡಿಗ್ರಿ ಇರುತ್ತದೆ. ನಮಗೆ ಸ್ವೆಟರ್ ಬೇಕು, ನಿಜ. ಎಂಜಿನ್ನಿಗೆ ಅದೇನೂ ದೊಡ್ಡ ಚಳಿಯಲ್ಲ. ಆರೋಗ್ಯವಾಗಿರುವ 100 ಸಿಸಿ ಗಾಡಿ 12 ಡಿಗ್ರಿಯಲ್ಲಿ ಚೋಕ್ ಹಾಕಿದರೆ ಎರಡು-ಮೂರು ಕಿಕ್ಕಿಗೆ ಏಳಬೇಕು. ಇಪ್ಪತ್ತು ಕಿಕ್ ಬೇಕಾಯಿತು ಅಂದರೆ ಬೇಸಿಗೆಯಲ್ಲೇ ಒಳಗೊಳಗೆ ಏನೋ ಕೆಟ್ಟಿತ್ತು, ಸೆಖೆ ಅದನ್ನು ಮುಚ್ಚಿಟ್ಟಿತ್ತು ಅಂತಲೇ ಅರ್ಥ.

ನಿಮ್ಮ ತಂದೆಯವರ ಮಾತಿಗೆ ಬರೋಣ. ಪೆಟ್ರೋಲ್ ಹೆಪ್ಪುಗಟ್ಟಬೇಕಾದರೆ ಮೈನಸ್ 40 ಡಿಗ್ರಿಗಿಂತಲೂ ಕೆಳಗೆ ಹೋಗಬೇಕು. ಗೋಣಿಚೀಲಕ್ಕೆ ಅಲ್ಲಿ ಕೆಲಸವಿಲ್ಲ. ಆದರೆ ಅವರ ಅನುಮಾನ ಇರುವ ದಿಕ್ಕು ಸರಿಯಾಗಿದೆ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯ ಜೊತೆ ಬೆರೆತ ಮೇಲೆ ಉರಿಯುತ್ತದೆ. ಚಳಿಯಲ್ಲಿ ಆವಿಯಾಗುವುದು ಕಮ್ಮಿ. ಕಾರ್ಬೊರೇಟರ್ ಕಳಿಸಿದ ಪೆಟ್ರೋಲಿನಲ್ಲಿ ಒಂದಿಷ್ಟು ಹನಿಯಾಗಿಯೇ ಉಳಿದು ತಣ್ಣನೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಕಿಡಿ ಹತ್ತುವ ಜಾಗಕ್ಕೆ ತಲುಪುವ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇದನ್ನು ಸರಿದೂಗಿಸಲೆಂದೇ ಚೋಕ್ ಇರುವುದು. ಅದು ಗಾಳಿಯ ದಾರಿ ಅಡ್ಡಗಟ್ಟಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಎಂಜಿನ್ ಬೆಚ್ಚಗಾಗಿ, ಚೋಕ್ ತೆಗೆದರೂ ಓಡಬೇಕು.

ನಿಮ್ಮ ಗಾಡಿ ಚೋಕ್ ತೆಗೆದ ಕೂಡಲೇ ಸಾಯುತ್ತದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಪಟ್ ಪಟ್ ಅನ್ನುತ್ತದೆ. ಈ ಎರಡು ಸುಳಿವು ಒಂದೇ ಜಾಗವನ್ನು ತೋರಿಸುತ್ತವೆ. ಎಕ್ಸಲೇಟರ್ ಪೂರ್ತಿ ಬಿಟ್ಟಾಗ, ಅಂದರೆ ಸ್ಲೋ ಮೇಲೆ ಓಡುವಾಗ, ಪೆಟ್ರೋಲ್ ಬರುವುದು ಪೈಲಟ್ ಜೆಟ್ ಮೂಲಕ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಗಾಡಿ ವೇಗದಲ್ಲಿದ್ದಾಗ ಬಳಕೆಯಾಗುವ ಮೇನ್ ಜೆಟ್ ಇದಕ್ಕಿಂತ ದೊಡ್ಡದು. ಅದಕ್ಕೇ ಹೆದ್ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಒದ್ದಾಡುತ್ತದೆ. ಸಣ್ಣ ತೂತಿನ ಅಂಚಿಗೆ ಹಳೇ ಪೆಟ್ರೋಲಿನ ಅಂಟು ಸ್ವಲ್ಪ ಕೂತರೂ ಸಾಕು, ಮಿಶ್ರಣ ತೆಳುವಾಗುತ್ತದೆ. ಬೇಸಿಗೆಯ ಬೆಳಿಗ್ಗೆ ಆ ತೆಳು ಮಿಶ್ರಣವೂ ಹತ್ತಿಕೊಳ್ಳುತ್ತದೆ, ಚಳಿಗಾಲದಲ್ಲಿ ಹತ್ತುವುದಿಲ್ಲ. ನೀವು ಚೋಕ್ ಹಾಕಿಕೊಂಡು ಓಣಿ ಸುತ್ತುವಾಗ ಪೈಲಟ್ ಜೆಟ್ ಮಾಡಬೇಕಾದ ಕೆಲಸವನ್ನು ಚೋಕ್ ಮಾಡುತ್ತಿರುತ್ತದೆ.

ಇಲ್ಲಿ ಇನ್ನೊಂದು ಸಾಧ್ಯತೆ ಇದೆ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಮ್ಯಾನಿಫೋಲ್ಡ್ ರಬ್ಬರ್ ಸೀಳಿದ್ದರೆ, ಇಲ್ಲವೇ ಅದರ ಓ-ರಿಂಗ್ ಗಟ್ಟಿಯಾಗಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಫಲ ಅದೇ, ತೆಳು ಮಿಶ್ರಣ. 2013ರ ರಬ್ಬರ್ ಈಗ ಸೀಳಿದ್ದರೆ ಆಶ್ಚರ್ಯವಿಲ್ಲ. ಪರೀಕ್ಷೆ ಸುಲಭ. ಗಾಡಿ ಸ್ಲೋ ಮೇಲೆ ಓಡುವಾಗ ಆ ಜಾಯಿಂಟಿನ ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸೋಪಿನ ನೀರು ಹೊಡೆಯಿರಿ. ಎಂಜಿನ್ನಿನ ಸದ್ದು ಬದಲಾದರೆ ಅಲ್ಲೇ ಗಾಳಿ ಸೋರಿಕೆ ಇದೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಎಂಜಿನ್ ಪಕ್ಕ ಆ ಸಾಹಸ ಬೇಡ. ಸೈಲೆನ್ಸರ್ ಎಂಜಿನ್ನಿಗೆ ಸೇರುವ ಕಡೆ ಪ್ಯಾಕಿಂಗ್ ಹೋಗಿದ್ದರೂ ಪಟ್ ಪಟ್ ಬರುತ್ತದೆ. ಆದರೆ ಬರೀ ಅದರಿಂದ ಬೆಳಿಗ್ಗೆ ಚಾಲೂ ಆಗದೆ ಇರುವುದಿಲ್ಲ.

ಎಥೆನಾಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಗ್ಯಾರೇಜಿಗೆ ಬರುವ ಪ್ರತಿ ಎರಡನೆಯವರೂ ಕೇಳುತ್ತಾರೆ. ಇ20, ಅಂದರೆ 20% ಎಥೆನಾಲ್ ಇರುವ ಪೆಟ್ರೋಲ್, 2023ರಲ್ಲಿ ಬಂಕುಗಳಿಗೆ ಬರಲು ಶುರುವಾಯಿತು. 2025ರ ಹೊತ್ತಿಗೆ ಬಹುತೇಕ ಎಲ್ಲ ಕಡೆ ಅದೇ ಸಿಗುತ್ತಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಇ20ಗೆ 13.5ರ ಆಸುಪಾಸು ಸಾಕು. ನಿಮ್ಮ ಗಾಡಿಯ ಜೆಟ್ಟುಗಳನ್ನು ಹಳೇ ಪೆಟ್ರೋಲಿನ ಲೆಕ್ಕದಲ್ಲಿ ಕೂರಿಸಿದ್ದಾರೆ. ಹೀಗಾಗಿ ಇ20 ಹಾಕಿದರೆ ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯಾಗಿ, ಮಿಶ್ರಣ ತಾನಾಗಿಯೇ ಸ್ವಲ್ಪ ತೆಳುವಾಗುತ್ತದೆ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಬೇಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ನಿಜ. ಹಾಗಂತ ಎಲ್ಲ ತಪ್ಪನ್ನೂ ಎಥೆನಾಲ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಜೆಟ್ ಸ್ವಚ್ಛವಿರುವ ಹಳೇ ಗಾಡಿಗಳು ಅದೇ ಪೆಟ್ರೋಲಿನ ಮೇಲೆ ಬೆಳಿಗ್ಗೆ ಎದ್ದು ಓಡುತ್ತಿವೆ. ಈಗಾಗಲೇ ಅರೆಬರೆ ಕಟ್ಟಿದ ಜೆಟ್ ಇದ್ದರೆ ಇ20 ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಹಳ್ಳಿ ಕಡೆ ಅಂಗಡಿಯಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲ್ ಮಾತ್ರ ಚಳಿಗಾಲದಲ್ಲಿ ಬೇಡವೇ ಬೇಡ. ಬೇಗ ಆವಿಯಾಗುವ ಹಗುರ ಅಂಶ ಅದರಲ್ಲಿ ಆಗಲೇ ಹಾರಿ ಹೋಗಿರುತ್ತದೆ. ಬೆಳಿಗ್ಗೆ ಎಂಜಿನ್ ಹತ್ತಿಸುವುದು ಅದೇ ಅಂಶ.

ಈಗ ನೀವು ಕೊನೆಗೆ ಬರೆದ ಒಂದು ಸಾಲು. ‘ಕಿಕ್ ಹಗುರ ಅನಿಸುತ್ತದೆ.’ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇಲ್ಲೇ. ಕಿಕ್ ಹಗುರ ಅಂದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ, ಕಮ್ಮಿ. ಹಾಗೆ ಅಂದ ಕೂಡಲೇ ಬೋರ್, ಪಿಸ್ಟನ್ ಅಂತ ದೊಡ್ಡ ಖರ್ಚಿನ ಮಾತು ಶುರುವಾಗುತ್ತದೆ. ಅದಕ್ಕೂ ಮೊದಲು ಟ್ಯಾಪೆಟ್ ನೋಡಿಸಬೇಕು. ಸಿಲಿಂಡರಿನ ಬಾಯಿ ಮುಚ್ಚಿ ತೆರೆಯುವ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರಬೇಕಾದರೆ, ಅದರ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಾವಿರಾರು ಕಿ.ಮೀ. ಓಡುತ್ತ ವಾಲ್ವ್ ಮತ್ತು ಸೀಟು ಸವೆದು ವಾಲ್ವ್ ಸ್ವಲ್ಪ ಸ್ವಲ್ಪ ಮೇಲೇರುತ್ತದೆ. ಸಂದು ಮುಚ್ಚುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ, ಕಂಪ್ರೆಷನ್ ಅಲ್ಲಿಂದ ಸೋರುತ್ತದೆ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ತಣ್ಣನೆಯ ಪೆಟ್ರೋಲ್ ಆವಿಯಾಗಬೇಕು. ಒತ್ತಡ ಸೋರಿದರೆ ಆ ಶಾಖವೂ ಹೋಯಿತು. ಮಧ್ಯಾಹ್ನ ಎಂಜಿನ್ ಮೊದಲೇ ಬೆಚ್ಚಗಿರುವುದರಿಂದ ಈ ಕೊರತೆ ಗೊತ್ತಾಗುವುದಿಲ್ಲ.

ತೊಂದರೆ ಏನೆಂದರೆ, ಸಡಿಲ ಟ್ಯಾಪೆಟ್ ಟಕಟಕ ಅಂತ ಕೂಗಿ ಹೇಳುತ್ತದೆ, ಬಿಗಿಯಾದದ್ದು ಬಾಯಿ ಬಿಡುವುದಿಲ್ಲ. ‘ಎಂಜಿನ್ ಎಷ್ಟು ಸೈಲೆಂಟ್ ಇದೆ ನೋಡಿ’ ಅಂತ ಹೆಮ್ಮೆಪಡುವ ಗಾಡಿಯಲ್ಲೇ ಟ್ಯಾಪೆಟ್ ಬಿಗಿಯಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸದ್ದು ಬರುತ್ತದೆ ಅಂತ ಗಿರಾಕಿ ಹೇಳಿದರೆ ಕೆಲವು ಗ್ಯಾರೇಜಿನವರು ಬೇಕಾದ್ದಕ್ಕಿಂತ ಬಿಗಿ ಮಾಡಿ ಕಳಿಸುವುದೂ ಉಂಟು. ಟ್ಯಾಪೆಟ್ ನೋಡುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು, ಕಂಪನಿಯ ಪುಸ್ತಕದಲ್ಲಿ ಬರೆದ ಅಳತೆಗೆ. ಕಿವಿಯ ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಇದು. ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಟ್ಟು ಬನ್ನಿ, ಬೆಳಿಗ್ಗೆ ನೋಡಲಿ.

ಸೆಲ್ಫ್ ವಿಷಯ ಬೇರೆ. ‘ಟಕ್’ ಅನ್ನುವುದು ರಿಲೇ ಸದ್ದು. ರಿಲೇ ಕೆಲಸ ಮಾಡುತ್ತಿದೆ, ಮೋಟಾರ್ ತಿರುಗಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿ ಇಲ್ಲ. ಚಳಿಯಲ್ಲಿ ಬ್ಯಾಟರಿಯ ಕಸುವು ಸ್ವಲ್ಪ ಇಳಿಯುತ್ತದೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಜಾಸ್ತಿ ಕಸುವು ಬೇಕಾಗುತ್ತದೆ. ನಿಮ್ಮ ಕೆಲಸದ ರೀತಿಯೂ ಬ್ಯಾಟರಿಗೆ ಒಗ್ಗುವಂಥದ್ದಲ್ಲ. ನಾಲ್ಕು ಮನೆಗೊಮ್ಮೆ ನಿಲ್ಲಿಸಿ, ಮತ್ತೆ ಸೆಲ್ಫ್ ಒತ್ತಿ, ಸಣ್ಣ ಓಣಿಯಲ್ಲಿ ನಿಧಾನ ಓಡಿಸಿದರೆ ಖರ್ಚಾದಷ್ಟು ಕರೆಂಟು ವಾಪಸ್ ತುಂಬುವುದಿಲ್ಲ. ಯಾವುದೇ ಗ್ಯಾರೇಜಿನಲ್ಲಿ ಮೀಟರ್ ಹಚ್ಚಿಸಿ ನೋಡಿ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟಿನ ಆಸುಪಾಸು ಇರಬೇಕು. ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗಿದಿದೆ. ಗಾಡಿ ಓಡುವಾಗ ಸ್ವಲ್ಪ ಎಕ್ಸಲೇಟರ್ ಕೊಟ್ಟರೆ 13.5ರಿಂದ 14.5ರ ನಡುವೆ ಬರಬೇಕು. ಬರದಿದ್ದರೆ ಚಾರ್ಜಿಂಗ್ ಕೆಟ್ಟಿದೆ, ಅದನ್ನು ಬಿಟ್ಟು ಹೊಸ ಬ್ಯಾಟರಿ ಹಾಕಿದರೆ ಅದೂ ಹಾಳು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಮೊದಲು ತಿಕ್ಕಿಸಿ. ಕೆಲವು ಸಲ ಅಷ್ಟಕ್ಕೇ ಸರಿಯಾಗುತ್ತದೆ. ಸೆಲ್ಫ್ ಒಮ್ಮೆಗೆ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ.

ನಿಮ್ಮ ಮೆಕ್ಯಾನಿಕ್ ಪ್ಲಗ್ ಬದಲಿಸಿದ್ದು ತಪ್ಪಲ್ಲ. ಆದರೆ ದಿನಾ ಚೋಕ್ ಮೇಲೆ ಓಡಿಸಿದ್ದೀರಿ ಅಲ್ವಾ, ಹೊಸ ಪ್ಲಗ್ಗೂ ಈಗ ಮಸಿ ಹಿಡಿದಿರುತ್ತದೆ. ಬಿಚ್ಚಿಸಿ ನೋಡಿ. ಕೆಲಗೇರಿ ಕೆರೆ ಹತ್ತಿರ ಮನೆಯಾದರೆ ಬೆಳಿಗ್ಗೆ ಇಬ್ಬನಿಯೂ ಜಾಸ್ತಿ. ಪ್ಲಗ್ ಕ್ಯಾಪ್ ಸೀಳಿದ್ದರೆ ತೇವ ಒಳಗೆ ಸೇರಿ ಕಿಡಿ ದಾರಿ ತಪ್ಪುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಗಾಡಿ ಏಳುತ್ತದೆ ಅಂತ ಜನ ಹೇಳುವುದರಲ್ಲಿ ಈ ತೇವ ಆರುವುದೂ ಒಂದು ಕಾರಣ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ನಿಮಗೆ ಯಾವ ಬಿಸಿಲು ಸಿಗಬೇಕು! ರಾತ್ರಿ ಗಾಡಿ ಛಾವಣಿ ಕೆಳಗೆ ನಿಲ್ಲಿಸಿ, ಕ್ಯಾಪ್ ಸೀಳಿದ್ದರೆ ಬದಲಿಸಿ. ಗೋಣಿಚೀಲವನ್ನು ಟ್ಯಾಂಕಿನ ಬದಲು ಎಂಜಿನ್ ಮೇಲೆ ಹೊದಿಸಿದರೆ ಇಬ್ಬನಿಯಾದರೂ ತಪ್ಪುತ್ತದೆ. ಆದರೆ ಎಂಜಿನ್, ಸೈಲೆನ್ಸರ್ ಪೂರ್ತಿ ಆರಿದ ಮೇಲೆ ಹೊದಿಸಿ, ಇಲ್ಲದಿದ್ದರೆ ಚೀಲಕ್ಕೆ ಬೆಂಕಿ ಹತ್ತಬಹುದು.

20ಡಬ್ಲ್ಯೂ-50 ಆಯಿಲ್ ಮಾತ್ರ ನನಗೆ ಸರಿ ಕಾಣಲಿಲ್ಲ. ‘ಡಬ್ಲ್ಯೂ’ಗೆ ಮೊದಲು ಬರುವ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಅನ್ನುವುದನ್ನು ಹೇಳುತ್ತದೆ. 10 ಇದ್ದರೆ ತೆಳು, 20 ಇದ್ದರೆ ಗಟ್ಟಿ. 100 ಸಿಸಿ ಗಾಡಿಗಳಲ್ಲಿ ಬಹಳಷ್ಟಕ್ಕೆ ಕಂಪನಿ ಹೇಳುವುದು 10ಡಬ್ಲ್ಯೂ-30. ಹಳೇ ಎಂಜಿನ್, ಗಟ್ಟಿ ಆಯಿಲ್ ಹಾಕಿದರೆ ಸದ್ದು ಕಮ್ಮಿ ಆಗುತ್ತದೆ ಅಂತ ಹಾಕುತ್ತಾರೆ. ಸದ್ದು ಕಮ್ಮಿ ಆಗಬಹುದು, ಬೆಳಿಗ್ಗೆ ಕಿಕ್ ಮಾತ್ರ ಎಳೆಯುತ್ತದೆ. ಗಟ್ಟಿ ಆಯಿಲ್ ಇದ್ದೂ ನಿಮ್ಮ ಕಿಕ್ ಹಗುರ ಅನಿಸುತ್ತಿದೆ ಅಂದರೆ, ಟ್ಯಾಪೆಟ್ ಮೇಲಿನ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಸಲ ಪುಸ್ತಕದಲ್ಲಿ ಇರುವ ಗ್ರೇಡನ್ನೇ ಹಾಕಿಸಿ. ಇದಕ್ಕಾಗಿ ಹೊಸ ಆಯಿಲನ್ನು ಈಗಲೇ ಚೆಲ್ಲಬೇಕಾಗಿಲ್ಲ.

ಓಣಿಯವರ ಎರಡು ಉಪಾಯ ಉಳಿದವು. ವಾಲಿಸಿ ಎಬ್ಬಿಸುವುದು ಹಳೇ ಸ್ಕೂಟರುಗಳ ಕಾಲದ ರೂಢಿ. ವಾಲಿಸಿದಾಗ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನಿಂದ ಸ್ವಲ್ಪ ಪೆಟ್ರೋಲ್ ಉಕ್ಕಿ ಮಿಶ್ರಣ ದಪ್ಪಗಾಗುತ್ತದೆ, ಒಂದೊಂದು ಸಲ ಕೆಲಸ ಆಗುತ್ತದೆ. ಅದೇ ಕೆಲಸ ಮಾಡಲು ನಿಮ್ಮ ಗಾಡಿಯಲ್ಲಿ ಚೋಕ್ ಇದೆ. ಜಾಸ್ತಿ ಉಕ್ಕಿದರೆ ಪ್ಲಗ್ ತೋಯ್ದು ಇನ್ನೂ ಕಷ್ಟ. ಪ್ಲಗ್ ಬಿಚ್ಚಿ ಪೆಟ್ರೋಲ್ ಬಿಡುವುದನ್ನು ಮಾತ್ರ ಖಂಡಿತ ಮಾಡಬೇಡಿ. ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹಾಕುತ್ತದೆ. ಅದಕ್ಕಿಂತ ದೊಡ್ಡದು ಬೆಂಕಿಯ ಭಯ. ಕತ್ತಲಲ್ಲಿ, ಪಕ್ಕದಲ್ಲಿ ಪೇಪರ್ ಬಂಡಲ್ ಇಟ್ಟುಕೊಂಡು ಮಾಡುವ ಕೆಲಸವಾ ಅದು?

ಗ್ಯಾರೇಜಿನಲ್ಲಿ ಏನು ಹೇಳಬೇಕು ಅಂತ ಹೇಳಿಬಿಡುತ್ತೇನೆ. ಕಾರ್ಬೊರೇಟರ್ ಇಳಿಸಿ, ಪೈಲಟ್ ಜೆಟ್ ಬಿಚ್ಚಿ, ಕ್ಲೀನರ್ ಹೊಡೆದು ಏರ್ ಹಿಡಿಯಲಿ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಪಿನ್ನು, ಸ್ಟೀಲ್ ತಂತಿ ಚುಚ್ಚಲು ಬಿಡಬೇಡಿ. ತೂತು ದೊಡ್ಡದಾದರೆ ಆಮೇಲೆ ಮೈಲೇಜ್ ಬೀಳುತ್ತದೆ. ಅಂಟು ಬಿಡದಿದ್ದರೆ ಹೊಸ ಜೆಟ್ ಹಾಕಲಿ. ಅದರ ಬೆಲೆ ಹೊಸ ಕಾರ್ಬೊರೇಟರಿನ ಮುಂದೆ ಏನೂ ಅಲ್ಲ. ಮಿಶ್ರಣದ ಸ್ಕ್ರೂ ಹೊಂದಿಸುವುದು ಎಂಜಿನ್ ಕಾದ ಮೇಲೆ. ಕೆಲವು ಗಾಡಿಗಳಲ್ಲಿ ಅದನ್ನು ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ, ಕೆಲವದರಲ್ಲಿ ಕಮ್ಮಿ. ನೀವೇ ಮುಟ್ಟುವ ಮೊದಲು ಕೇಳಿಕೊಳ್ಳಿ. ಜೊತೆಗೆ ಮ್ಯಾನಿಫೋಲ್ಡ್ ರಬ್ಬರ್, ಟ್ಯಾಪೆಟ್, ಏರ್ ಫಿಲ್ಟರ್ ನೋಡಲಿ. ಗದಗ, ನವಲಗುಂದ ಕಡೆಯ ಎರಿ ಮಣ್ಣಿನ ಧೂಳಿನಲ್ಲಿ ಓಡುವ ಗಾಡಿಗಳಲ್ಲಿ ಫಿಲ್ಟರ್ ಕಟ್ಟುವುದು ಬಹಳ ಬೇಗ. ಆಗ ಮಿಶ್ರಣ ದಪ್ಪಗಾಗಿ ಪ್ಲಗ್ ಕಪ್ಪಾಗುತ್ತದೆ.

ಹೊಸ ಕಾರ್ಬೊರೇಟರ್ ಬೇಕಾಗುವ ಸಂದರ್ಭವೂ ಇದೆ. ಎಕ್ಸಲೇಟರ್ ತಿರುವಿದಾಗ ಒಳಗೆ ಮೇಲೇರುವ ಸ್ಲೈಡ್ ಸವೆದು ಅಲುಗಾಡುತ್ತಿದ್ದರೆ, ಬಾಡಿಯ ಒಳದಾರಿ ನೀರಿನಿಂದ ತುಕ್ಕು-ಉಪ್ಪು ಹಿಡಿದಿದ್ದರೆ, ಸ್ಕ್ರೂ ಒಳಗೇ ಮುರಿದಿದ್ದರೆ ಬದಲಿಸಲೇಬೇಕು. ಆಗ ಕಂಪನಿಯದ್ದನ್ನೇ ಹಾಕಿಸಿ. ಅರ್ಧ ಬೆಲೆಗೆ ಸಿಗುವ ನಕಲಿಯಲ್ಲಿ ಜೆಟ್ ಅಳತೆ ಎಷ್ಟೋ ಸಲ ಸರಿ ಇರುವುದಿಲ್ಲ, ಹಳೇ ತೊಂದರೆ ಹೋಗಿ ಹೊಸದು ಬರುತ್ತದೆ. ಇನ್ನು ಟ್ಯಾಪೆಟ್ ಸರಿ ಮಾಡಿದ ಮೇಲೂ ಕಿಕ್ ಹಗುರವಾಗಿಯೇ ಇದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸೀಟು ಕೆಟ್ಟಿದೆ. 68 ಸಾವಿರ ಓಡಿದ ಗಾಡಿಗೆ ಎರಡೂ ಆಗುವಂಥದ್ದೇ. ಆದರೆ ಈ ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಅಲ್ಲಿಯವರೆಗೆ ಬೆಳಿಗ್ಗೆ ಹೀಗೆ ಮಾಡಿ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತೆರೆದು ಒಂದು ನಿಮಿಷ ಬಿಡಿ, ಬೌಲ್ ತುಂಬಲಿ. ಕೀ ಆಫ್ ಇರುವಾಗಲೇ ಚೋಕ್ ಪೂರ್ತಿ ಹಾಕಿ ಮೂರು-ನಾಲ್ಕು ಸಲ ನಿಧಾನ ಕಿಕ್ ಒತ್ತಿ. ಆಯಿಲ್ ಸಡಿಲಾಗುತ್ತದೆ, ಪೆಟ್ರೋಲ್ ಒಳಗೆ ಬರುತ್ತದೆ. ಆಮೇಲೆ ಕೀ ಆನ್ ಮಾಡಿ, ಎಕ್ಸಲೇಟರ್ ಮುಟ್ಟದೆ ಪೂರ್ತಿ ಕಿಕ್ ಹೊಡೆಯಿರಿ. ಏಳೆಂಟು ಕಿಕ್ಕಿಗೂ ಏಳದೆ ಪೆಟ್ರೋಲ್ ವಾಸನೆ ಬಂದರೆ ಪ್ಲಗ್ ತೋಯ್ದಿದೆ. ಆಗ ಚೋಕ್ ತೆಗೆದು, ಎಕ್ಸಲೇಟರ್ ಪೂರ್ತಿ ತಿರುವಿ ಹಿಡಿದು ಕಿಕ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಎದ್ದ ಕೂಡಲೇ ಭರ್ ಅಂತ ರೇಸ್ ಮಾಡಬೇಡಿ, ಆಯಿಲ್ ಇನ್ನೂ ಮೇಲೆ ಹೆಡ್ಡಿಗೆ ತಲುಪಿರುವುದಿಲ್ಲ.

ಇದನ್ನು ಓದುತ್ತಿರುವ ಹೊಸ ಗಾಡಿಯವರಿಗೆ ಒಂದು ಮಾತು. 2020ರ ಏಪ್ರಿಲಿನಲ್ಲಿ ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಬಂದ ಮೇಲಿನ ಬಹುತೇಕ ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್ ಇದೆ. ಅವುಗಳಿಗೆ ಚೋಕ್ ಇಲ್ಲ. ಎಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ನೋಡಿ ಪೆಟ್ರೋಲ್ ತಾನೇ ಹೆಚ್ಚಿಸುತ್ತದೆ. ಕೀ ಆನ್ ಮಾಡಿ, ಪಂಪಿನ ಸಣ್ಣ ಗುಂಯ್ ಸದ್ದು ನಿಲ್ಲುವವರೆಗೆ ಎರಡು-ಮೂರು ಸೆಕೆಂಡ್ ಕಾದು ಸೆಲ್ಫ್ ಒತ್ತಿ, ಎಕ್ಸಲೇಟರ್ ಕೊಡಬೇಡಿ. ಇವಕ್ಕೆ ಬ್ಯಾಟರಿಯೇ ಜೀವ. ಪಂಪು, ಇಂಜೆಕ್ಟರ್, ಕಿಡಿ ಎಲ್ಲಕ್ಕೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಸಾಮಾನ್ಯವಾಗಿ ಹುಡುಗರನ್ನು ಕರೆದು ಗಾಡಿ ತಳ್ಳಿಸಿದರೂ ಏಳುವುದಿಲ್ಲ. ಎಂಜಿನ್ ಚೆಕ್ ಲೈಟ್ ಹತ್ತಿಕೊಂಡೇ ಇದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ. ಕೋಡ್ ಓದದೆ ಅಂದಾಜಿನ ಮೇಲೆ ಸೆನ್ಸರ್ ಬದಲಿಸುತ್ತೇವೆ ಅಂದರೆ ಗಾಡಿ ವಾಪಸ್ ತನ್ನಿ.